ಹಗಲಿನ ಬಿಸಿಲು ನಸುಕಿನ ಜಳಕಕ್ಕೆ ಒದಗಲಿ

ಮಾನ್ಯ ಎಂ.ಬಿ. ಪಾಟೀಲ ಅವರಿಗೆ,
ಶಾಸಕರು, ಬಬಲೇಶ್ವರ ಮತಕ್ಷೇತ್ರ

ಸನ್ಮಾನ್ಯರೇ,

2013ರಿಂದ 2018ರವರೆಗೆ ತಾವು ಜಲಸಂಪನ್ಮೂಲ ಸಚಿವರಾಗಿದ್ದಾಗ ಕೃಷ್ಣೆಯ ನೀರನ್ನು ಎತ್ತಿ ಜಿಲ್ಲೆಯ ಬತ್ತಿದ ಕೆರೆಗಳಿಗೆ ತುಂಬಿಸುವ ಕೆಲಸ ನಡೆಯಿತು. ಇದ್ದಾಗ ಹಿಡಿದಿಟ್ಟು ಇಲ್ಲದಾಗ ಬಳಸುವುದರ ಬೆಲೆ ಆಗ ನಮಗೆಲ್ಲ ಮನವರಿಕೆಯಾಯಿತು. ನಮ್ಮ ಬಿಸಿಲಿನ ವಿಷಯದಲ್ಲೂ ಅದೇ ಕೆಲಸ ಆಗಬೇಕೆಂದು ಕೇಳಲು ಈ ಪತ್ರ.

ಚಳಿಗಾಲದಲ್ಲಿ ನಮ್ಮ ಜೈನಾಪುರದಲ್ಲಿ ಮಧ್ಯಾಹ್ನ ಬಿಸಿಲು ಚುರುಗುಟ್ಟಿದರೂ ನಸುಕಿನಲ್ಲಿ ಕೈ ಮರಗಟ್ಟುವ ಥಂಡಿ. ಅಡುಗೆಗೆ ಸಿಲಿಂಡರ್ ಬಂದ ಎಷ್ಟೋ ಮನೆಗಳಲ್ಲಿ ಜಳಕದ ನೀರು ಇನ್ನೂ ಬಚ್ಚಲೊಲೆಯ ಮೇಲೆಯೇ ಕಾಯುತ್ತದೆ. ಹೆಣ್ಣುಮಕ್ಕಳು ಎಲ್ಲರಿಗಿಂತ ಮೊದಲೆದ್ದು ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಒಟ್ಟಿ ಊದುತ್ತಾರೆ. ಇಬ್ಬನಿಗೆ ನೆನೆದ ಕಟ್ಟಿಗೆ ಹೊತ್ತಿಕೊಳ್ಳುವಷ್ಟರಲ್ಲಿ ಬಚ್ಚಲೆಲ್ಲ ಹೊಗೆ. ಉರಿ ಆರಿದ ಮೇಲೆ ಹಂಡೆಯ ನೀರೂ ಆರುತ್ತದೆ. ಕೊನೆಗೆ ಆ ತಣ್ಣೀರು ಸಿಗುವುದೂ ಅವರಿಗೇ.

ಒಲೆಯ ಬದಲು ಗೀಸರ್ ಇಡೋಣವೆಂದರೆ, ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 55ಕ್ಕೆ ಕಾಯಿಸಲು ಸುಮಾರು 4 ಯೂನಿಟ್ ಕರೆಂಟ್ ಬೇಕು, ತಿಂಗಳಿಗೆ 120. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿ 200 ಯೂನಿಟ್ ಆದರೂ ಪ್ರತಿ ಮನೆಯ ಪಾಲು ನಿಗದಿಯಾದದ್ದು 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ. ಎರಡು ಬಲ್ಬು, ಒಂದು ಫ್ಯಾನಿನ ಮನೆಗೆ ಅದರಲ್ಲಿ ಗೀಸರ್ ನಡೆಸಲಾಗದು. ಸೋಲಾರ್ ವಾಟರ್ ಹೀಟರ್ ಹಾಕಿಸಿದವರಿಗೆ ವಿದ್ಯುತ್ ದರ ನಿಗದಿಪಡಿಸುವ ಕೆಇಆರ್‌ಸಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಡುತ್ತ ಬಂದಿದೆ. ಬಿಲ್ಲೇ ಸೊನ್ನೆಯಾದ ಬಡವರ ಮನೆಗೆ ಅದರಿಂದ ದಕ್ಕುವುದೇನು? ಅವರಿಗೆ ಬೇಕಿರುವುದು ಹೀಟರ್ ಕೊಳ್ಳುವ ಮೊದಲ ಖರ್ಚಿಗೆ ಆಸರೆ.

ಹಾಗಾಗಿ ಸರ್ಕಾರಿ ವಸತಿ ಯೋಜನೆಯ ಪ್ರತಿ ಮನೆಯ ಅಂದಾಜುಪಟ್ಟಿಯಲ್ಲೇ 100 ಲೀಟರಿನ ಸೋಲಾರ್ ಹೀಟರ್ ಸೇರಲಿ. ನೀರು ಕಾಯಿಸಲು ನಮ್ಮ ಬಿಸಿಲು ಸಾಕು. ಆ ಕಾವನ್ನು ರಾತ್ರಿಯಿಡೀ ಕಾಪಾಡುವುದು ಟ್ಯಾಂಕಿನ ಹೊದಿಕೆ. ಅದು ತೆಳುವಾದರೆ ದುಡ್ಡು ದಂಡ. ಗುತ್ತಿಗೆದಾರರ ಬಿಲ್ ಪಾಸಾಗುವ ಮುನ್ನ ಎಂಜಿನಿಯರರು ನಸುಕಿನಲ್ಲಿ ಬಂದು ಟ್ಯಾಂಕಿನ ನೀರಿಗೆ ಥರ್ಮಾಮೀಟರ್ ಇಟ್ಟು ನೋಡಲಿ. 60 ಡಿಗ್ರಿಯ 100 ಲೀಟರಿಗೆ 20 ಡಿಗ್ರಿಯ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ 200 ಲೀಟರ್ ಆಗುತ್ತದೆ. ಮನೆಮಂದಿಯ ಜಳಕ ಮುಗಿಯುತ್ತದೆ.

ಇನ್ನೊಂದು ಮಾತು. ಗಡಸು ಬೋರ್ ನೀರು ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಸುಣ್ಣದ ಪದರು ಕೂರುತ್ತದೆ. ತಾಮ್ರದ ಸಣ್ಣ ಕೊಳವೆಗಳಲ್ಲಿ ಅದೇ ಕಟ್ಟಿಕೊಂಡು ಹೀಟರ್ ಕೆಡುತ್ತದೆ. ಊರಿನ ನೀರು ಪರೀಕ್ಷಿಸಿಯೇ ಗಾಜಿನ ಕೊಳವೆಯದನ್ನೋ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೋ ಆರಿಸಬೇಕು. ತೊಳೆದು ರಿಪೇರಿ ಮಾಡುವ ತರಬೇತಿ ಊರ ಯುವಕ-ಯುವತಿಯರಿಗೇ ಸಿಗಲಿ.

ಟ್ಯಾಂಕಿನಂತೆ ಮನೆಯೂ ಕಾವು ಹಿಡಿದಿಡಬಲ್ಲದು. ಕಲ್ಲು-ಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆ ಹಗಲಿನ ಕಾವು ಹೀರಿ ರಾತ್ರಿ ಮೆಲ್ಲಗೆ ಬಿಡುತ್ತದೆ. ತಗಡಿನ ಸೂರು ಹೊತ್ತು ಮುಳುಗಿದ ಕೂಡಲೇ ತಣ್ಣಗಾಗುತ್ತದೆ. ಹಳೆಯ ಮಾಳಿಗೆ ಮನೆ ಕೆಡವದೆ ದುರಸ್ತಿ ಮಾಡಿಸಿಕೊಳ್ಳುವವರಿಗೂ ನೆರವು ಕೊಡಿಸಿ.

ಜೈನಾಪುರದ ಕೆಲವು ಮನೆಗಳಿಂದ ಆರಂಭಿಸಿ. ಒಂದು ಚಳಿಗಾಲದ ಖರ್ಚು, ಉಳಿದ ಕಟ್ಟಿಗೆ, ನಸುಕಿನ ನೀರಿನ ಕಾವು ಎಲ್ಲದರ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಇಡಿಸಿ. ಒಲೆ ಊದುವ ಹೆಣ್ಣುಮಕ್ಕಳು ಒಪ್ಪಿದರೆ ಇಡೀ ತಾಲ್ಲೂಕಿಗೆ ವಿಸ್ತರಿಸಿ.

ತಮ್ಮ ವಿಶ್ವಾಸಿ,
ಜೈನಾಪುರದ ನಿವಾಸಿ