ಟವೆಲ್‌ಗೆ ಎಷ್ಟು ಬಿಸಿ ನೀರು ಬೇಕು?

ವಾಷಿಂಗ್ ಮಷೀನಿನ ಡಯಲ್ ಮೇಲೆ 20, 30, 40, 60, 90 ಅಂತ ಸಾಲಾಗಿ ಅಂಕಿಗಳಿರುತ್ತವೆ. ನಮ್ಮಲ್ಲಿ ಬಹಳಷ್ಟು ಮಂದಿ ಅದರ ಕಡೆ ನೋಡೋದೇ ಇಲ್ಲ. ಮಷೀನ್ ಬಂದ ದಿನ ಫಿಟ್ ಮಾಡಿದ ಹುಡುಗ ಯಾವ ಪ್ರೋಗ್ರಾಂ ತೋರಿಸಿಕೊಟ್ಟನೋ, ಇವತ್ತಿಗೂ ಅದೇ ನಡೀತಿದೆ. ಆಫೀಸ್ ಶರ್ಟು, ಕುರ್ತಾಗಳಿಗೆ ಅದರಿಂದ ಅಂಥ ತೊಂದರೆಯೇನಿಲ್ಲ. ಟವೆಲ್ ಮಾತ್ರ ಬೇರೆ ಜಾತಿ.

ಸ್ನಾನ ಮಾಡಿದ ಮೈಯನ್ನ ತಾನೇ ಒರೆಸಿಕೊಳ್ಳೋದು, ಟವೆಲ್ ಯಾಕೆ ಕೊಳೆಯಾಗುತ್ತೆ ಅಂತ ಕೇಳೋರಿದ್ದಾರೆ. ಒರೆಸಿಕೊಳ್ಳುವಾಗ ಚರ್ಮದ ಸತ್ತ ಪದರ, ಮೈಯ ಜಿಡ್ಡು, ತಲೆಗೆ ಹಚ್ಚಿದ ಎಣ್ಣೆ ಎಲ್ಲ ಅದಕ್ಕೆ ಅಂಟುತ್ತೆ. ದಪ್ಪ ಟರ್ಕಿ ಟವೆಲಿನ ಎಳೆಗಳ ನಡುವೆ ತೇವ ಗಂಟೆಗಟ್ಟಲೆ ನಿಲ್ಲುತ್ತೆ. ಬ್ಯಾಕ್ಟೀರಿಯಾಗಳಿಗೆ ಊಟ, ನೀರು, ವಸತಿ ಮೂರೂ ಒಂದೇ ಕಡೆ ಸಿಕ್ಕಂತಾಯ್ತು.

ಆ ಮುಗ್ಗಲು ವಾಸನೆ

ಒಗೆದು ಮಡಚಿಟ್ಟ ಟವೆಲ್ ಘಮ್ ಅಂತಿರುತ್ತೆ. ಮುಖ ಒರೆಸಿದ ತಕ್ಷಣ ಹಳೇ ಒರೆಸೋ ಬಟ್ಟೆಯ ವಾಸನೆ ಹೊಡೆಯುತ್ತೆ. ಈ ವಾಸನೆಯ ಮುಖ್ಯ ಕಾರಣವನ್ನ 2012ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು. ಅದು ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ. ಬಟ್ಟೆ ಒಣಗಿದರೂ ಇದು ಸುಲಭಕ್ಕೆ ಸಾಯಲ್ಲ. ಸುಮ್ಮನೆ ಕಾದಿದ್ದು, ಮತ್ತೆ ತೇವ ಸಿಕ್ಕಿದಾಗ ಕೆಲಸ ಶುರು ಮಾಡುತ್ತೆ. ಹಾಗಾಗಿ ತಣ್ಣೀರಲ್ಲಿ ಒಗೆದು ಪರಿಮಳದ ಲಿಕ್ವಿಡ್ ಸುರಿದರೆ ವಾಸನೆ ಮುಚ್ಚುತ್ತೆಯೇ ಹೊರತು ಹೋಗಲ್ಲ.

ದಿನಬಳಕೆಗೆ 40

ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದರೆ, ಬಣ್ಣದ ಹತ್ತಿ ಟವೆಲ್‌ಗಳಿಗೆ 40 ಡಿಗ್ರಿ ಸಾಕು. ಜಿಡ್ಡು ಬಿಡೋದಕ್ಕೆ ಅಷ್ಟು ಬಿಸಿ ಬೇಕು. ಈಗಿನ ಡಿಟರ್ಜೆಂಟುಗಳಲ್ಲಿರೋ ಕಿಣ್ವಗಳೂ ಈ ಬಿಸಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಬಣ್ಣವೂ ಬೇಗ ಮಂಕಾಗಲ್ಲ. ಜಿಮ್‌ಗೆ ಒಯ್ಯೋ ಮೈಕ್ರೋಫೈಬರ್ ಟವೆಲ್ ಆದರೆ ಅದರ ಲೇಬಲ್ ನೋಡಿ. ತೊಟ್ಟಿಯ ಚಿತ್ರದೊಳಗೆ ಬರೆದಿರೋ ಅಂಕಿಯೇ ಅದು ತಡೆಯೋ ಗರಿಷ್ಠ ಬಿಸಿ. ರಕ್ತದ ಕಲೆ ಇದ್ದರೆ ಮಾತ್ರ ಮೊದಲು ತಣ್ಣೀರಲ್ಲಿ ತೊಳೀಬೇಕು, ಬಿಸಿ ನೀರು ತಾಗಿದರೆ ಕಲೆ ಕಚ್ಚಿಕೊಂಡುಬಿಡುತ್ತೆ.

ಕಾಯಿಲೆ ಇದ್ದ ಮನೆಗೆ 60

ನಾವು ಮೂರು ಜನ ಹುಡುಗಿಯರು ಬೆಂಗಳೂರಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೀವಿ. ಕಳೆದ ಮಳೆಗಾಲ ನಮ್ಮಲ್ಲೊಬ್ಬಳಿಗೆ ಹುಳುಕಡ್ಡಿ ಆಯ್ತು. ಸೊಂಟದ ಹತ್ತಿರ ದುಂಡಗೆ ಕೆಂಪು ಕಲೆ, ರಾತ್ರಿಯಿಡೀ ತುರಿಕೆ. ಎರಡು ವಾರ ಅವಳು ಯಾರಿಗೂ ಹೇಳಲಿಲ್ಲ. ನಾಚಿಕೆ, ಜೊತೆಗೆ ನಾವು ದೂರ ಇಡ್ತೀವೇನೋ ಅನ್ನೋ ಭಯ. ಚರ್ಮದ ಡಾಕ್ಟರು ಔಷಧಿ ಬರೆದುಕೊಟ್ಟು, ಟವೆಲ್, ಒಳಉಡುಪು, ಬೆಡ್‌ಶೀಟ್ ಯಾರ ಜೊತೆಗೂ ಹಂಚಿಕೊಳ್ಳಬೇಡ, ಬೇರೆಯಾಗಿ ಬಿಸಿ ನೀರಲ್ಲಿ ಒಗೆಸು ಅಂದರು.

ಹುಳುಕಡ್ಡಿಗೆ ಹೆಸರಲ್ಲಿ ಹುಳ ಇದ್ದರೂ ಅದು ಶಿಲೀಂಧ್ರ, ಅಂದರೆ ಫಂಗಸ್. ಸೋಂಕಿದ ಚರ್ಮದ ಪುಡಿಯ ಜೊತೆ ಟವೆಲ್‌ಗೂ ಬರುತ್ತೆ. 30 ಡಿಗ್ರಿಯಲ್ಲಿ ಒಗೆದರೆ ಅದು ಉಳಿದುಕೊಳ್ಳಬಹುದು, 60ಕ್ಕೆ ನಾಶವಾಗುತ್ತೆ. ಔಷಧಿ ಹಚ್ಚಿಕೊಳ್ತಾ ಅದೇ ಸೋಂಕಿನ ಟವೆಲಲ್ಲಿ ಒರೆಸಿಕೊಳ್ತಿದ್ದರೆ ವಾಸಿಯಾಗೋದು ಹೇಗೆ? ವಾಂತಿ-ಭೇದಿ ಆದವರ ಟವೆಲ್, ಹುಣ್ಣು-ಗಾಯ ಇದ್ದವರ ಟವೆಲ್‌ಗೂ ಇದೇ 60ರ ಲೆಕ್ಕ.

ಕರೆಂಟ್ ಬಿಲ್ ಚಿಂತೆಯಾ? ಹದಿನೈದು ಲೀಟರ್ ನೀರನ್ನ 25ರಿಂದ 60 ಡಿಗ್ರಿಗೆ ಏರಿಸೋಕೆ ಸುಮಾರು 0.6 ಯೂನಿಟ್ ಬೇಕು, 40ಕ್ಕಾದರೆ ಕಾಲು ಯೂನಿಟ್ ಸಾಕು. ದಿನಾ 60 ಹಾಕೋ ಅಗತ್ಯ ಇಲ್ಲ, ಆದರೆ ಬೇಕಾದ ದಿನ ಜುಗ್ಗತನ ಮಾಡೋಷ್ಟು ದುಬಾರಿಯೂ ಅಲ್ಲ.

ಕೈಯಲ್ಲಿ ಒಗೆಯೋರ ಮಾತು

ನಮ್ಮ ಮನೆಯಲ್ಲಿ ಮಷೀನ್ ಇಲ್ಲ. ಬಟ್ಟೆ ಒಗೆದುಕೊಡೋಕೆ ಒಬ್ಬರು ಅಕ್ಕ ಬರ್ತಾರೆ. ಡಾಕ್ಟರು ಹೇಳಿದ್ದನ್ನ ಅವರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಮಷೀನಿಗಾದ್ರೆ ಸರಿ ಕಣಮ್ಮಾ, ನನ್ ಕೈಗೆ?"

ಪ್ರಶ್ನೆ ಸರಿಯಾಗೇ ಇತ್ತು. 60 ಡಿಗ್ರಿ ನೀರಲ್ಲಿ ಕೈ ಐದಾರು ಸೆಕೆಂಡ್ ಇದ್ದರೂ ಸುಟ್ಟುಹೋಗುತ್ತೆ. ಅದೂ ಅಲ್ಲದೆ, ಸೋಂಕಿದ ಬಟ್ಟೆಯನ್ನ ಬರಿಗೈಯಲ್ಲಿ ಉಜ್ಜೋರೂ ಅವರೇ. ನಮ್ಮ ಮನೆಯ ತುರಿಕೆ ಅವರ ಮನೆಯ ಮಕ್ಕಳವರೆಗೂ ಹೋಗಬಹುದು.

ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಹೀಗಿದೆ. ಬಿಸಿ ನೀರಿನ ಕೆಲಸ ಟವೆಲ್ ಯಾರದೋ ಅವರದ್ದೇ. ರಾತ್ರಿ ಬಕೆಟ್ಟಿಗೆ ಎರಡು ಪಾತ್ರೆ ನಲ್ಲಿ ನೀರು, ಮೇಲೆ ಅದೇ ಪಾತ್ರೆಯಲ್ಲಿ ಎರಡು ಸಲ ಕುದಿಯೋ ನೀರು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ, ನಲ್ಲಿ ನೀರು 25ರ ಆಸುಪಾಸು. ಸಮ ಸಮ ಬೆರೆಸಿದರೆ 61 ಆಯ್ತು, ಥರ್ಮಾಮೀಟರ್ ಬೇಡ. ಬಕೆಟ್ಟು, ಬಟ್ಟೆ ಒಂದಿಷ್ಟು ಬಿಸಿ ಹೀರಿಕೊಳ್ಳೋದರಿಂದ ಕುದಿಯೋ ನೀರು ಇನ್ನರ್ಧ ಪಾತ್ರೆ ಜಾಸ್ತಿಯೇ ಇರಲಿ. ಡಿಟರ್ಜೆಂಟ್ ಹಾಕಿ, ಟವೆಲನ್ನ ಕೋಲಿಂದ ಒತ್ತಿ ಮುಳುಗಿಸಿ, ಮುಚ್ಚಿಡಬೇಕು. ಬೆಳಗ್ಗೆ ಹೊತ್ತಿಗೆ ನೀರು ಆರಿರುತ್ತೆ. ಆಗ ಅಕ್ಕ ಗ್ಲೌಸ್ ಹಾಕಿಕೊಂಡು ಹಿಂಡಿದರಾಯ್ತು. ಚಿಕ್ಕ ಮಕ್ಕಳಿರೋ ಮನೆಯಾದರೆ ಆ ಬಕೆಟ್ ಇರೋ ಬಾತ್‌ರೂಮಿನ ಚಿಲಕ ಹಾಕೋದು ಮರೀಬೇಡಿ.

ಬರೀ 40 ಬೇಕಾದಾಗ ಒಂದು ಪಾತ್ರೆ ಕುದಿಯೋ ನೀರಿಗೆ ನಾಲ್ಕು ಪಾತ್ರೆ ತಣ್ಣೀರು. ಅದು ಕೈಗೆ ಹಿತವಾಗೇ ಇರುತ್ತೆ.

ಇದೇನೂ ಹೊಸ ವಿದ್ಯೆ ಅಲ್ಲ. ಊರ ಅಗಸರು ಬಟ್ಟೆಯನ್ನ ಸೌಳು ಮಣ್ಣಿನ ನೀರಲ್ಲಿ ನೆನೆಸಿ ಉಬ್ಬೆಗೆ ಹಾಕ್ತಿದ್ದರು. ಕೊಳೆ ಬಿಡಿಸೋ ಕೆಲಸದಲ್ಲಿ ಅರ್ಧ ಪಾಲು ಆ ಹಬೆಯದ್ದೇ.

ಬಿಸಿ ನೀರೂ ಮಾಡಲಾಗದ ಕೆಲಸ

ಟಾಪ್ ಲೋಡ್ ಮಷೀನ್ ಇರೋರು ಒಮ್ಮೆ ಮ್ಯಾನ್ಯುಯಲ್ ನೋಡಿ. ಹೀಟರ್ ಇಲ್ಲದ ಮಾಡೆಲುಗಳಲ್ಲಿ 'ಹಾಟ್' ಅಂತ ಒತ್ತಿದರೆ ಅದು ಬಿಸಿ ನೀರಿನ ಪೈಪಿಂದ ನೀರು ಎಳೆಯುತ್ತೆ, ಅಷ್ಟೇ. ಆ ಪೈಪಿಗೆ ಗೀಸರ್ ಲೈನ್ ಕೊಟ್ಟಿಲ್ಲ ಅಂದರೆ ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ.

ಫ್ಯಾಬ್ರಿಕ್ ಸಾಫ್ಟ್‌ನರ್ ಟವೆಲ್‌ಗೆ ಬೇಡ. ಅದು ಎಳೆಗಳ ಮೇಲೆ ತೆಳುವಾದ ಪದರ ಬಿಡುತ್ತೆ, ಟವೆಲ್ ಮೆತ್ತಗಿದ್ದರೂ ನೀರು ಹೀರಲ್ಲ. ಬೋರ್‌ವೆಲ್ ಗಡಸು ನೀರಿಂದ ಟವೆಲ್ ಹಪ್ಪಳದಂತಾಗಿದ್ದರೆ ಡಿಟರ್ಜೆಂಟ್ ಜಾಸ್ತಿ ಸುರಿಯೋ ಬದಲು ಇನ್ನೊಂದು ಸಲ ಜಾಲಾಡಿಸಿ, ಒಣಹಾಕೋ ಮುಂಚೆ ಚೆನ್ನಾಗಿ ಕೊಡವಿ.

ಎಲ್ಲಕ್ಕಿಂತ ಹೆಚ್ಚಾಗಿ, ಒಣಗಿಸಿ. 60 ಡಿಗ್ರಿಯಲ್ಲಿ ಒಗೆದು ಮಷೀನಲ್ಲೇ ರಾತ್ರಿ ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ಬಿಸಿಲು ಇಲ್ಲದಿದ್ದರೆ ಫ್ಯಾನ್ ಕೆಳಗೆ ಹರವಿ. ಬಾಗಿಲ ಹಿಂದಿನ ಮೊಳೆಗೆ ಮುದ್ದೆಮಾಡಿ ತೂಗುಹಾಕೋ ಅಭ್ಯಾಸ ಬಿಡಿ. ಮೂರು-ನಾಲ್ಕು ಸ್ನಾನಕ್ಕೊಮ್ಮೆ ಒಗೆಯಿರಿ. ಒಬ್ಬರ ಟವೆಲ್ ಒಬ್ಬರಿಗೇ ಇರಲಿ.

ಟವೆಲ್ ಎಷ್ಟು ಕೊಳೆಯಾಗಿ ಕಾಣುತ್ತೆ ಅಂತ ನೋಡಿ ನೀರಿನ ಬಿಸಿ ನಿರ್ಧರಿಸಬೇಡಿ. ಅದನ್ನ ಯಾರು ಬಳಸಿದರು, ಯಾರ ಕೈ ಒಗೆಯುತ್ತೆ ಅನ್ನೋದನ್ನ ನೋಡಿ. ನಮ್ಮ ಮನೆಯಲ್ಲಂತೂ ಹುಳುಕಡ್ಡಿ ಬೇರೆ ಯಾರಿಗೂ ಹರಡಲಿಲ್ಲ. ಅಕ್ಕನಿಗೂ.