ಲಾಭದ ಏರಿಕೆ ಯಾರ ಆರೋಗ್ಯ?

ಕಂಪನಿಗಳ ಲಾಭ ಏರಿದರೆ ದೇಶದ ಆರ್ಥಿಕತೆ ಸದೃಢವಾಗಿದೆಯೆಂದು ತಿಳಿಯುವ ರೂಢಿಯಿದೆ. ಕೇಂದ್ರ ಸರ್ಕಾರವು 2025ರ ಜನವರಿಯಲ್ಲಿ ಮಂಡಿಸಿದ ಆರ್ಥಿಕ ಸಮೀಕ್ಷೆಯೇ ಇದಕ್ಕೆ ಬೇರೆ ಚಿತ್ರವನ್ನು ಕೊಡುತ್ತದೆ. 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ. 22.3ರಷ್ಟು ಬೆಳೆದರೆ, ಉದ್ಯೋಗ ಬೆಳೆದದ್ದು ಶೇ. 1.5ರಷ್ಟು ಮಾತ್ರ.

ಸೇಡಂ, ವಾಡಿ, ಚಿತ್ತಾಪುರ ಭಾಗದ ಸುಣ್ಣದಕಲ್ಲು ದಶಕಗಳಿಂದ ಸಿಮೆಂಟಾಗಿ ಹೊರಹೋಗುತ್ತಿದೆ. ಮಾರಿದ ಸಿಮೆಂಟು ಆದಾಯದ ಲೆಕ್ಕಕ್ಕೆ ಸೇರುತ್ತದೆ. ಮರಳಿ ಹುಟ್ಟದ ಕಲ್ಲು, ಗಣಿಯ ಪಾಲಾದ ತೊಗರಿಯ ಎರೆಭೂಮಿ, ಬೆಳೆಯ ಎಲೆಗಳ ಮೇಲೆ ಕೂರುವ ದೂಳು ನಷ್ಟದ ಲೆಕ್ಕಕ್ಕೆ ಸೇರುವುದಿಲ್ಲ. ಬಿತ್ತನೆಯ ಬೀಜವನ್ನೇ ಮಾರಿದ ರೈತನು ಈ ವರ್ಷ ಆದಾಯ ಹೆಚ್ಚಿತೆಂದರೆ ಊರು ಒಪ್ಪೀತೆ?

ಲಾಭ ತಪ್ಪಲ್ಲ. ಅದು ಕಂಪನಿಯ ಆರೋಗ್ಯವನ್ನು ತಿಳಿಸುತ್ತದೆ, ಊರಿನದನ್ನಲ್ಲ. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂಥ ಊರಿಗೆ ಬೇರೆ ಅಳತೆಗೋಲು ಬೇಕು: ಎಷ್ಟು ಕುಟುಂಬಗಳು ಮುಂಬಯಿ, ಹೈದರಾಬಾದಿಗೆ ಗುಳೆ ಹೋದವು? ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟು ಆಳಕ್ಕಿಳಿಯಿತು? ಎಕರೆಗೆ ತೊಗರಿ ಎಷ್ಟು ಬಂತು?

ಗಣಿಯಿಂದ ಬಾಧಿತರಾದವರ ಹಿತಕ್ಕೆಂದು 2015ರ ಕಾನೂನು ತಿದ್ದುಪಡಿಯು ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಏರ್ಪಡಿಸಿತು. ಅದರ ಹಣ ಎಲ್ಲಿ ವೆಚ್ಚವಾಗುತ್ತಿದೆಯೆಂದು ಗಣಿಯ ಹಳ್ಳಿಗಳು ಕೇಳಬೇಕು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಈ ಮೂರು ಲೆಕ್ಕಗಳನ್ನು ವರ್ಷವರ್ಷವೂ ಬರೆದಿಟ್ಟು ಗ್ರಾಮಸಭೆಯ ಮುಂದಿಡಲಿ.