ವಸಡಿನ ಅಂದವೂ ಆರೋಗ್ಯವೂ

ನಗುವಾಗ ಹಲ್ಲಿಗಿಂತ ವಸಡೇ ಎದ್ದು ಕಾಣುವವರುಂಟು. ಅಂಥವರ ವಸಡಿನ ಅಂಚನ್ನು ಕತ್ತರಿಸಿ ತಿದ್ದಿ, ಹಲ್ಲುಗಳು ನೀಳವಾಗಿ ತೋರುವಂತೆ ಮಾಡುವ ಚಿಕಿತ್ಸೆ ನಗರಗಳಲ್ಲಿ ಬಳಕೆಗೆ ಬಂದಿದೆ. ಅರೇಹಳ್ಳಿಯಂಥ ಕಾಫಿ ಸೀಮೆಯ ಊರಿನ ತರುಣರಿಗೂ ಅದರ ಸುದ್ದಿ ಮುಟ್ಟದೆ ಇರದು. ಈ ಚಿಕಿತ್ಸೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವಿಚಾರಮಾಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ವಸಡಿಗೆ ಸಹಜವಾದ ಆಕಾರ ಕೊಡುವ ಕ್ರಮವನ್ನು 1950ರಲ್ಲಿ ಅಮೆರಿಕದ ಹೆನ್ರಿ ಗೋಲ್ಡ್‌ಮನ್ ಎಂಬ ದಂತವೈದ್ಯರು ವಿವರಿಸಿದರು. ದಪ್ಪಗಾದ ವಸಡಿನ ಅಂಚಿನಲ್ಲಿ ಆಹಾರದ ಕಣ ನಿಲ್ಲದೆ ಜಾರಿಹೋಗಬೇಕು, ಹಲ್ಲುಜ್ಜುವುದು ಸುಲಭವಾಗಬೇಕು ಎಂಬುದು ಇದರ ಮೂಲೋದ್ದೇಶ. ಅಂದವು ಅದರ ಬೆನ್ನಿಗೆ ಬಂದ ಫಲ.

ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಬಳಪದ ಕಲ್ಲಿನಿಂದ ಹೆಚ್ಚಾದುದನ್ನು ಕೆತ್ತಿ ತೆಗೆದರು; ಕಲ್ಲು ಮತ್ತೆ ಬೆಳೆಯಲಿಲ್ಲ. ವಸಡಾದರೋ ಜೀವವುಳ್ಳ ಅಂಗಾಂಶ. ಹಲ್ಲಿನ ಸುತ್ತ, ಮೂಳೆಯ ಅಂಚಿನ ಮೇಲೆ, ಸರಾಸರಿ 2 ಮಿಲಿಮೀಟರಿನಷ್ಟು ಅಂಗಾಂಶವು ಹಲ್ಲಿಗೆ ಅಂಟಿಕೊಂಡಿರುವುದೆಂದು 1961ರ ಸಂಶೋಧನೆಯೊಂದು ತೋರಿಸಿತು. ಈ ಎಲ್ಲೆಯನ್ನು ಮೀರಿ ಕತ್ತರಿಸಿದರೆ ವಸಡು ಉರಿಯೂತಕ್ಕೆ ಒಳಗಾಗಬಹುದು, ಇಲ್ಲವೇ ಮೊದಲಿನ ಸ್ಥಾನಕ್ಕೆ ಮತ್ತೆ ಬೆಳೆಯಬಹುದು. ಆದುದರಿಂದಲೇ ಕೆಲವರಲ್ಲಿ ಮೂಳೆಯನ್ನೂ ತಿದ್ದಬೇಕಾಗುವುದು. ಮೇಲ್ದವಡೆಯೇ ಉದ್ದವಾಗಿದ್ದರೆ, ಅಥವಾ ಮೇಲ್ದುಟಿಯು ಅತಿಯಾಗಿ ಮೇಲೇರುತ್ತಿದ್ದರೆ, ವಸಡನ್ನಷ್ಟೇ ಕತ್ತರಿಸಿ ಪ್ರಯೋಜನವಿಲ್ಲ.

ವಸಡು ಊದಿಕೊಳ್ಳಲು ಕಾರಣಗಳು ಹಲವು. ಹಲ್ಲಿನ ಮೇಲೆ ಕಟ್ಟಿದ ಪಾಚಿಯೇ ಕಾರಣವಾಗಿದ್ದರೆ, ಅದನ್ನು ತೆಗೆಸಿ ದಿನವೂ ಚೆನ್ನಾಗಿ ಉಜ್ಜಿದಾಗ ಊತ ಕೆಲವು ವಾರಗಳಲ್ಲಿ ಇಳಿಯುವುದುಂಟು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳು ಸಹ ವಸಡನ್ನು ಬೆಳೆಸುವುವು. ಹಲ್ಲು ಮುಚ್ಚುವಷ್ಟು ವಸಡು ಬೆಳೆದ ಬಾಲಕನಿಗೆ ಈ ಶಸ್ತ್ರಚಿಕಿತ್ಸೆ ಶೋಕಿಯಲ್ಲ, ಉಪಕಾರ. ಆದರೆ ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಕೂಡದು.

ಇನ್ನು ವಸಡಿನ ಬಣ್ಣ. ನಮ್ಮಲ್ಲಿ ಅನೇಕರ ವಸಡು ಕಪ್ಪಾಗಿರಲು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೇ ಕಾರಣ. ಅದು ರೋಗವಲ್ಲ. ಕೆರೆದು ತೆಗೆಸಿದರೂ ಬಣ್ಣ ಮರಳುವುದುಂಟು. ಸಹಪಾಠಿಗಳ ಹಾಸ್ಯಕ್ಕೆ ಹೆದರಿ ಆರೋಗ್ಯವಾದ ವಸಡನ್ನು ಕೆರೆಸಿಕೊಳ್ಳುವುದಕ್ಕಿಂತ, ಹಾಸ್ಯಮಾಡುವವರಿಗೆ ಈ ಶಾಸ್ತ್ರವಿಷಯವನ್ನು ತಿಳಿಸುವುದು ಲೇಸು.

ಅಂದವನ್ನು ಬಯಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಬೆಳವಣಿಗೆ ಮುಗಿದ ಮೇಲೆ, ಕಾರಣವನ್ನು ತಿಳಿದು, ಸರಿಯಾದ ತಜ್ಞರಿಂದ ಮಾಡಿಸಿಕೊಂಡರೆ ಆಕ್ಷೇಪವಿಲ್ಲ. ಆದರೆ ಒಬ್ಬರಿಗೆ ವಸಡು ಒಂದೆರಡು ಮಿಲಿಮೀಟರು ಹೆಚ್ಚಾಯಿತೆಂಬ ಕೊರಗು. ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿಯುವ ಮತ್ತೊಬ್ಬರಿಗೆ ವಸಡು ಸವೆದು ಬೇರು ಹೊರಬಿದ್ದರೂ ಪರಿವೆಯಿಲ್ಲ. ಹೊಗೆಸೊಪ್ಪು ಬಾಯಿಯ ಕ್ಯಾನ್ಸರಿಗೂ ದಾರಿ. ವಸಡುರೋಗವು ಬಹುಮಟ್ಟಿಗೆ ನೋವಿಲ್ಲದೆ ಬರುವುದರಿಂದ, ಹಲ್ಲು ಅಲುಗಾಡುವವರೆಗೂ ಅದನ್ನು ಗಮನಿಸದವರೇ ಹೆಚ್ಚು.

ಹಾಸನದಲ್ಲಿಯೇ ದಂತವೈದ್ಯ ಕಾಲೇಜು ಇದೆ. ಅಲ್ಲಿಯ ವಿದ್ಯೆ ತೋಟದ ಲೈನು ಮನೆಗಳವರೆಗೂ ಬರಬೇಕು. ವಿದ್ಯಾರ್ಥಿಗಳು ಸಹ ತಮ್ಮ ನಗುವನ್ನು ಕನ್ನಡಿಯಲ್ಲಿ ನೋಡಿಕೊಳ್ಳುವಾಗ, ಮನೆಯ ಹಿರಿಯರ ವಸಡಿನಿಂದ ರಕ್ತ ಬರುತ್ತಿದೆಯೇ ಎಂದು ಒಮ್ಮೆ ಕೇಳಲಿ. ಮೊದಲು ಆರೋಗ್ಯ, ಆಮೇಲೆ ಅಂದ: ಈ ಕ್ರಮ ತಪ್ಪಬಾರದು.